ಮಿಲ್ಟ್ರಿ ಬಿಟ್ಟು ಬಂದ ಇಬ್ಬರಲ್ಲಿ ನಾನು ಎರಡನೆಯವನು

ಮಿಲ್ಟ್ರಿಯಲ್ಲಿದ್ದಾಗ ನನಗೆ ಏನೂ ಆಗಲಿಲ್ಲ. ಹದಿನೇಳು ವರ್ಷ ಹಿಮದಲ್ಲಿ, ಮರಳಲ್ಲಿ, ಫಿರಂಗಿ ಪಕ್ಕದಲ್ಲಿ ನಿಂತು ಬಂದೆ, ಮೈಮೇಲೆ ಒಂದು ಗೀರಿಲ್ಲ. ಆಗೋದೆಲ್ಲ ಈಗ ಆಗ್ತಿದೆ. ಅದೂ ಅತ್ತಿಗುಪ್ಪೆಯಲ್ಲಿ, ವಾರಕ್ಕೊಂದರಂತೆ.

ನಾನು ಮಾಗಡಿ ಕಡೆಯ ಹಳ್ಳಿಯವನು. ಭರ್ತಿಗೆ ಹೋದ ದಿನ ಓಟದಲ್ಲಿ ಮೊದಲು ಬಂದವನು ನಾನೇ. ಯಾರೂ ಕೇಳದಿದ್ದರೂ ಇದನ್ನ ಹೇಳ್ತೀನಿ, ಯಾಕಂದ್ರೆ ಅವತ್ತು ಎರಡನೆಯವನಾಗಿ ಬಂದವನು ನನ್ನ ಬ್ಯಾಚ್‌ಮೇಟ್. ಆಮೇಲೆ ಅವನು ಒಂದು ದಿನವೂ ನನ್ನ ಹಿಂದೆ ಉಳಿಯಲಿಲ್ಲ. ರಜೆ ಅವನಿಗೆ ಮೊದಲು. ಪ್ರಮೋಷನ್ ಅವನಿಗೆ ಮೊದಲು. ಇಬ್ಬರಿಗೂ ಒಂದೇ ವಾರ ಕಾಮಾಲೆ ಬಂತು, ವಾಸಿಯಾಗಿದ್ದು ಅವನಿಗೆ ಮೊದಲು.

ಈಗ ಅವನಿಗೆ ಚಂದ್ರಾ ಲೇಔಟಲ್ಲಿ ಸ್ವಂತ ಮನೆ. ನನಗೆ ಅತ್ತಿಗುಪ್ಪೆಯಲ್ಲಿ ಬಾಡಿಗೆ ಮನೆ. ನಡೆದು ಹೋಗೋ ದೂರ. ಅವನು ನಮ್ಮನೆಗೆ ಎಷ್ಟೋ ಸಲ ಬಂದಿದ್ದಾನೆ, ನಾನು ಅವನ ಮನೆಗೆ ಒಂದು ಸಲವೂ ಹೋಗಿಲ್ಲ. ಹಿಮಾಲಯ ಹತ್ತಿದ ಕಾಲು ಇದು, ಆದ್ರೆ ಅವನ ಮನೆಯ ಗ್ರಾನೈಟ್ ಮೆಟ್ಟಿಲು ಹತ್ತು ಅಂದ್ರೆ ಕೇಳಲ್ಲ. ಅವನ ಮದುವೆಗೆ ನನಗೆ ರಜೆ ಸಿಗಲಿಲ್ಲ, ಸಿಕ್ಕಿದ್ರೂ ಹೋಗ್ತಿರಲಿಲ್ಲ. ಅವನ ಹೆಂಡತಿ ಯಾವುದೋ ಸರ್ಕಾರಿ ಕೆಲಸದಲ್ಲಿದ್ದಾರಂತೆ. ಎಲ್ಲಿ, ಏನು ಅಂತ ಕೇಳಿಲ್ಲ. ಕೇಳಿದ್ರೆ ದೊಡ್ಡ ಪೋಸ್ಟ್ ಅಂತಾನೆ, ಆಮೇಲೆ ನನಗೆ ಊಟ ಸೇರಲ್ಲ.

ನನ್ನ ಹೆಂಡತಿ ನಾನು ಮನೆಗೆ ಬಂದ ದಿನ ಹೇಳಿದ್ದು ಇಷ್ಟೇ: "ಯಾವ ಕೆಲಸ ಬೇಕಾದ್ರೂ ಹಿಡೀರಿ. ಆದ್ರೆ ಸಂಜೆ ಆರೂವರೆಗೆ ಮನೇಲಿರಬೇಕು. ಹತ್ತು ವರ್ಷ ಫೋನಲ್ಲೇ ಸಂಸಾರ ಮಾಡಿದ್ದು ಸಾಕು. ಮತ್ತೆ ಟ್ರಂಕ್ ಎತ್ತಿದ್ರೆ ನೀವು ಅಲ್ಲೇ, ನಾನೂ ಮಗಳೂ ಇಲ್ಲೇ." ಆಯ್ತು ಅಂದೆ. ಸಂಜೆ ಮನೆಗೆ ಬರೋ ಕೆಲಸ ಬೇಕು, ಅದು ಅವನ ಕೆಲಸಕ್ಕಿಂತ ಒಂದು ಕೈ ಮೇಲಿರಬೇಕು. ಎರಡನೆಯದನ್ನ ನಾನು ಬಾಯಿಬಿಟ್ಟು ಹೇಳಲಿಲ್ಲ.

ಇರ್ತೀಯೋ, ಹೋಗ್ತೀಯೋ

ಮಿಲ್ಟ್ರಿಯ ಪದ್ಧತಿ ಹೀಗೆ. ಹದಿನೇಳು ವರ್ಷ ತುಂಬೋ ಹೊತ್ತಿಗೆ ಬರೆದುಕೊಡಬೇಕು. ಇನ್ನೆರಡು ವರ್ಷ ಇರ್ತೀನಿ ಅಂತಲಾದ್ರೂ, ಪಿಂಚಣಿ ತಗೊಂಡು ಮನೆಗೆ ಹೋಗ್ತೀನಿ ಅಂತಲಾದ್ರೂ. ನಾನು ಇರೋದು ಅಂತ ತೀರ್ಮಾನ ಮಾಡಿದ್ದೆ. ನನ್ನಂಥ ಗುರಿಕಾರನನ್ನ ಕಳೆದುಕೊಂಡ್ರೆ ದೇಶಕ್ಕೇ ನಷ್ಟ ಅಂತ ನನಗೆ ಅನ್ನಿಸಿತ್ತು.

ಆ ವಾರ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಅಡುಗೆಯವನು ಸಾರು ಹಾಕ್ತಾ ಹೇಳಿದ, "ನಿನ್ನ ಬ್ಯಾಚ್‌ಮೇಟ್ ಹೋಗ್ತಿದ್ದಾನೆ. ಬೆಂಗಳೂರಲ್ಲಿ ಅವನಿಗೆ ಕೆಲಸ ರೆಡಿಯಾಗಿದೆಯಂತೆ."

ಇವನು ಎರಡು ವರ್ಷ ಮೊದಲೇ ಹೋಗಿ ಕೂತ್ರೆ ಬೆಂಗಳೂರಲ್ಲಿ ಒಳ್ಳೇ ಕುರ್ಚಿ ಒಂದೂ ಉಳಿಯಲ್ಲ. ಅವತ್ತೇ ಮಧ್ಯಾಹ್ನ ಕ್ಲರ್ಕ್ ಹತ್ತಿರ ಹೋಗಿ, ಹೋಗ್ತೀನಿ ಅಂತ ಬರೆದುಕೊಟ್ಟೆ.

ವಾಪಸ್ ಬರೋ ಟ್ರೈನಲ್ಲಿ ಇಬ್ಬರೂ ಎದುರುಬದುರು. ತಡೆಯೋಕಾಗದೆ ಕೇಳಿದೆ, "ಯಾವ ಕೆಲಸ ಮಗಾ, ರೆಡಿಯಾಗಿರೋದು?"

"ನನಗೆಲ್ಲಿ? ನಿನಗೆ ರೆಡಿಯಾಗಿದೆ ಅಂತ ಆ ಅಡುಗೆಯವನು ಹೇಳಿದ. ನೀನು ಮೊದಲು ಹೋಗಿ ಕೂತ್ಬಿಟ್ರೆ ಅಂತ ನಾನೂ ಬರೆದುಕೊಟ್ಟೆ."

ಅಡುಗೆಯವನು ಮಾತ್ರ ಇನ್ನೆರಡು ವರ್ಷ ಅಂತ ಬರೆದುಕೊಟ್ಟು ಅಲ್ಲೇ ಆರಾಮಾಗಿದ್ದಾನೆ.

ಒಂದು ಮೊಳೆಯ ಕಥೆ

ಅತ್ತಿಗುಪ್ಪೆಯ ಓನರ್ ಅಂಕಲ್ ಮನೆ ಕೊಡುವಾಗಲೇ ಹೇಳಿದ್ರು, "ಗೋಡೆಗೆ ಒಂದು ಮೊಳೆ ಹೊಡೆಯಂಗಿಲ್ಲ." ನನ್ನ ಯೂನಿಫಾರಂ ಫೋಟೋ, ಎದೆ ಮೇಲೆ ಮೆಡಲ್ ಎಲ್ಲ ಇರೋದು, ಕಟ್ಟು ಹಾಕಿಸಿ ತಂದಿದ್ದೆ. ಅದು ಮಂಚದ ಕೆಳಗೆ ಹೋಯ್ತು.

ಒಂದು ತಿಂಗಳಾದ ಮೇಲೆ ನನ್ನ ಹತ್ತಿರ ಮಿಲ್ಟ್ರಿ ಕ್ಯಾಂಟೀನ್ ಕಾರ್ಡ್ ಇದೆ ಅನ್ನೋದು ಅಂಕಲ್‌ಗೆ ಗೊತ್ತಾಯ್ತು. ಅಲ್ಲಿ ಸಾಮಾನು ಅಗ್ಗ ಅಂತ ಬೆಂಗಳೂರಲ್ಲಿ ಗೊತ್ತಿಲ್ಲದವರು ಯಾರು? ಮಾರನೇ ದಿನ ಬೆಳಿಗ್ಗೆ ಅಂಕಲ್ ಸುತ್ತಿಗೆ ಸಮೇತ ಮೇಲೆ ಬಂದ್ರು.

"ಏನಪ್ಪಾ, ಯೋಧನ ಫೋಟೋ ಮಂಚದ ಕೆಳಗಾ? ಎಲ್ಲಿ ಬೇಕು ಹೇಳು." ಅವರೇ ಸ್ಟೂಲ್ ಹತ್ತಿ ಹಾಲಿನ ಮಧ್ಯದಲ್ಲಿ ಮೊಳೆ ಹೊಡೆದ್ರು. ಇಳಿಯುವಾಗ, "ನಿಮ್ಮ ಆಂಟಿಗೆ ಒಂದು ಕುಕ್ಕರ್ ಬೇಕಿತ್ತು" ಅಂದ್ರು.

"ಈ ತಿಂಗಳು ನಾವೇ ಮಿಕ್ಸಿ ತಗೋಬೇಕು ಅಂಕಲ್, ಮುಂದಿನ ತಿಂಗಳು ನೋಡೋಣ" ಅಂದೆ. ಯೋಧನಿಗೂ ಒಂದು ಮಾನ ಬೇಡವಾ?

ಅದೇ ಭಾನುವಾರ ನನ್ನ ಬ್ಯಾಚ್‌ಮೇಟ್ ಕಾರಲ್ಲಿ ನಮ್ಮನೆಗೆ ಬಂದ. ಕೆಳಗೆ ಅಂಕಲ್ ಜೊತೆ ಅರ್ಧ ಗಂಟೆ ನಗ್ತಾ ಮಾತಾಡಿದ. ಅವನ ಹತ್ತಿರವೂ ಅದೇ ಕಾರ್ಡ್ ಇದೆಯಲ್ಲ! ಬುಧವಾರ ಕುಕ್ಕರ್ ಅಂಕಲ್ ಮನೆ ಬಾಗಿಲಿಗೇ ಬಂತು, ಕಾರಲ್ಲಿ.

ಗುರುವಾರ ಅಂಕಲ್ ಮೇಲೆ ಬಂದು ಹಾಲಿನ ಗೋಡೆ ನೋಡಿ ಕೇಳಿದ್ರು, "ಯಾರಪ್ಪ ಇಲ್ಲಿ ಮೊಳೆ ಹೊಡೆದಿದ್ದು?"

ದೂರದ ಜಾಗಗಳಿಗೆ ಭಾರದ ಸಾಮಾನು

ಕೆಲಸಕ್ಕೆ ಅರ್ಜಿ ಹಾಕೋಕೆ ಬಯೋಡೇಟಾ ಬೇಕು. ಬ್ಯಾಚ್‌ಮೇಟ್ ತನ್ನದನ್ನ ತಾನೇ ಲ್ಯಾಪ್‌ಟಾಪಲ್ಲಿ ಮಾಡ್ಕೊಂಡನಂತೆ. ಬಿಡುಗಡೆಗೆ ಮುಂಚೆ ನಮಗೆಲ್ಲ ಒಂದೊಂದು ಕೋರ್ಸ್ ಕೊಡ್ತಾರೆ, ಅವನು ಕಂಪ್ಯೂಟರ್ ಆರಿಸಿದ್ದ. ನಾನು ಜೇನು ಸಾಕಣೆ ಆರಿಸಿದ್ದೆ. ಅತ್ತಿಗುಪ್ಪೆ ಎರಡನೇ ಮಹಡಿಯಲ್ಲಿ ಜೇನು ಎಲ್ಲಿ ಸಾಕ್ತೀಯ ಅಂತ ಆಗ ಯಾರೂ ಕೇಳಲಿಲ್ಲ.

ವಿಜಯನಗರದ ಜೆರಾಕ್ಸ್ ಅಂಗಡಿಗೆ ಹೋದೆ. ಟೈಪ್ ಮಾಡೋ ಆಂಟಿ ಕನ್ನಡಕ ಏರಿಸಿ ಕೇಳಿದ್ರು, "ಅನುಭವ ಏನು ಹಾಕ್ಲಿ?"

"ಫಿರಂಗಿ."

"ಅಂದ್ರೆ?"

"ಗುಂಡು ಹಾರಿಸೋದು ಆಂಟಿ. ಇಲ್ಲಿಂದ ಹೊಡೆದ್ರೆ ಬಿಡದಿಯಲ್ಲಿ ಬೀಳಬೇಕು. ನನ್ನದು ಒಂದೂ ತಪ್ಪಿಲ್ಲ. ಹಾಗೇ ಹಾಕಿ."

ಆಂಟಿ ಟೈಪ್ ಮಾಡೋದು ನಿಲ್ಲಿಸಿದ್ರು. "ಹಾಗೆಲ್ಲ ಹಾಕಿದ್ರೆ ಕಂಪನಿಯವರು ಹೆದರ್ಕೋತಾರೆ ಕಣಪ್ಪಾ. ಸಾಫ್ಟಾಗಿ ಹಾಕ್ತೀನಿ, ಇರು." ಏನೋ ಟಕಟಕ ಅಂತ ಹೊಡೆದು ಪ್ರಿಂಟ್ ಕೊಟ್ರು. ಇಂಗ್ಲಿಷ್ ಭಾರಿಯಾಗಿತ್ತು. ಓದದೆ ಹತ್ತು ಕಡೆ ಕಳಿಸಿದೆ.

ಎರಡೇ ದಿನಕ್ಕೆ ಒಂದು ಫೋನ್ ಬಂತು. ಬ್ಯಾಚ್‌ಮೇಟ್ ನಮ್ಮನೆಯಲ್ಲೇ ಕೂತಿದ್ದ. ಅವನ ಮುಂದೆ ನನಗೆ ಕರೆ ಬಂದಿದೆ! ಬೇಕಂತಲೇ ಸ್ಪೀಕರಿಗೆ ಹಾಕಿದೆ.

"ಸಾರ್, ನಿಮ್ಮ ಬಯೋಡೇಟಾ ನೋಡಿದ್ವಿ. ದೂರದ ಜಾಗಗಳಿಗೆ ಭಾರದ ಸಾಮಾನು ಸರಿಯಾದ ಟೈಮಿಗೆ ತಲುಪಿಸಿ ಹದಿನೇಳು ವರ್ಷ ಅನುಭವ ಅಂತ ಇದೆ. ತುಂಬಾ ಚೆನ್ನಾಗಿದೆ ಸಾರ್. ನಾವು ಪಾರ್ಸೆಲ್ ಕಂಪನಿಯವರು. ಸ್ವಂತ ಬೈಕ್ ಇದೆಯಾ?"

ಕರೀತೀವಿ

ಲಗ್ಗೆರೆಯ ಒಂದು ಫ್ಯಾಕ್ಟರಿಯಲ್ಲಿ ಸೆಕ್ಯುರಿಟಿ ಮೇಲ್ವಿಚಾರಕನ ಕೆಲಸಕ್ಕೆ ಇಂಟರ್ವ್ಯೂ. ಒಂಬತ್ತಕ್ಕೆ ಅಂದಿದ್ರು, ಏಳಕ್ಕೇ ಹೋಗಿ ನಿಂತೆ. ಗೇಟ್ ತೆಗೆದವನೇ ನನಗಿಂತ ಲೇಟಾಗಿ ಬಂದ.

ಪ್ರಶ್ನೆ ಕೇಳಿದ ಹುಡುಗಿಗೆ ಇಪ್ಪತ್ತೈದು ಇರಬಹುದು. "ಇನ್ನು ಐದು ವರ್ಷದಲ್ಲಿ ನಿಮ್ಮನ್ನ ನೀವು ಎಲ್ಲಿ ನೋಡ್ತೀರಿ ಸಾರ್?"

"ಎಲ್ಲಿಗೆ ಆರ್ಡರ್ ಬರುತ್ತೋ ಅಲ್ಲಿ, ಮೇಡಂ."

"ನಿಮ್ಮಲ್ಲಿರೋ ಒಂದು ದೌರ್ಬಲ್ಯ ಹೇಳಿ."

"ಇಲ್ಲ, ಮೇಡಂ."

ಅವಳು ಏನೋ ಬರ್ಕೊಂಡು ನಕ್ಕಳು. "ಆಯ್ತು ಸಾರ್, ನಾವು ಕರೀತೀವಿ."

ನಮ್ಮಲ್ಲಿ ಕರೀತೀವಿ ಅಂದ್ರೆ ಕರೀತಾರೆ. ಅಲ್ಲಿಯವರೆಗೆ ಜಾಗ ಬಿಟ್ಟು ಕದಲಿದವನಿಗೆ ಶಿಕ್ಷೆ. ಹೊರಗೆ ಬಂದು ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತೆ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಆ ಹುಡುಗಿ ಎರಡು ಸಲ ನನ್ನ ಮುಂದೆಯೇ ಹಾದು ಹೋದಳು, ಎರಡು ಸಲವೂ ಎದ್ದು ನಿಂತೆ. ಎರಡನೇ ಸಲ ಅವಳು ಸ್ವಲ್ಪ ಬೇಗ ಬೇಗ ನಡೆದಳು.

ಸಂಜೆ ಆರಕ್ಕೆ ವಾಚ್‌ಮನ್ ಬಂದು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ, "ಅಣ್ಣ, ಇವರು ಕರೀತೀವಿ ಅಂದ್ರೆ ಕರೆಯಲ್ಲ ಅಂತ ಅರ್ಥ."

ದಾರಿಯಲ್ಲಿ ಬ್ಯಾಚ್‌ಮೇಟ್‌ಗೆ ಫೋನ್ ಮಾಡಿದೆ. ಯಾರ ಹತ್ತಿರವಾದ್ರೂ ಈ ಕಂಪನಿಯನ್ನ ಬೈಯಬೇಕಿತ್ತು. ಅವನು ಅಂದ, "ಓ ಅದಾ? ಹೋದ ವಾರ ನನಗೂ ಕರೀತೀವಿ ಅಂದ್ರು. ಮನೆಗೆ ಬಂದು ಕಾಲು ತೊಳೆಯೋಷ್ಟರಲ್ಲಿ ಕರೆದೇಬಿಟ್ರು ಕಣೋ. ನಾನೇ ಬೇಡ ಅಂದೆ."

ಕೆಂಗೇರಿ ಮತ್ತು ಬೀದರ್

ಕೊನೆಗೆ ಒಂದು ಇಲಾಖೆಯವರು ಗುಮಾಸ್ತರ ಹುದ್ದೆ ಕರೆದ್ರು. ಮಾಜಿ ಸೈನಿಕರಿಗೆ ಅಂತ ಮೀಸಲಿಟ್ಟಿದ್ದು ಎರಡೇ ಎರಡು. ಒಂದು ಕೆಂಗೇರಿ ಕಚೇರಿಯಲ್ಲಿ, ಇನ್ನೊಂದು ಬೀದರ್‌ನಲ್ಲಿ. ಇಬ್ಬರೂ ಪರೀಕ್ಷೆ ಬರೆದೆವು. ಇಬ್ಬರೂ ಪಾಸು. ಪಟ್ಟಿಯಲ್ಲಿ ಅವನು ಒಂದು, ನಾನು ಎರಡು. ಒಂದು ಅಂದ್ರೆ ಜಾಗ ಆರಿಸೋ ಹಕ್ಕು ಮೊದಲು ಅವನದು. ಉಳಿದದ್ದು ನನ್ನದು.

ಹೆಂಡತಿ ಪಟ್ಟಿ ನೋಡಿ ಹೇಳಿದಳು, "ಕೆಂಗೇರಿ ಅಂದ್ರೆ ಮೆಟ್ರೊ. ಬೀದರ್ ಅಂದ್ರೆ ಟ್ರಂಕ್. ನಾನು ಹೇಳಿದ್ದು ನೆನಪಿದೆಯಲ್ಲ?"

ಸೈನಿಕ ಸುಮ್ಮನೆ ಕೂರಲ್ಲ. ಮೊದಲು ಹೋಗಿ ಜಾಗ ನೋಡ್ಕೊಂಡು ಬಂದೆ. ಕೆಂಗೇರಿ ಕಚೇರಿಯ ಗೇಟ್ ಹೊರಗೆ ಟೀ ಕುಡೀತಾ ಬೋರ್ಡ್ ಓದಿದೆ. ಸೂಪರಿಂಟೆಂಡೆಂಟ್ ಅಂತ ಒಬ್ಬರು ಹೆಂಗಸಿನ ಹೆಸರಿತ್ತು. ಅಷ್ಟು ಸಾಕಿತ್ತು ನನಗೆ. ಬ್ಯಾಚ್‌ಮೇಟನ್ನ ಚಂದ್ರಾ ಲೇಔಟಿನ ದರ್ಶಿನಿಗೆ ಕರೆಸಿ, ಜನ್ಮದಲ್ಲಿ ಮೊದಲ ಸಲ ನನ್ನ ದುಡ್ಡಲ್ಲಿ ಅವನಿಗೆ ಕಾಫಿ ಕೊಡಿಸಿದೆ.

"ನಿನ್ನ ಒಳ್ಳೇದಕ್ಕೆ ಹೇಳ್ತೀನಿ ಗುರು, ಕೆಂಗೇರಿ ತಗೋಬೇಡ. ಅಲ್ಲಿಯ ಸೂಪರಿಂಟೆಂಡೆಂಟ್ ಇದ್ದಾಳಲ್ಲ, ರಾಕ್ಷಸಿ."

ಅವನು ಕಾಫಿ ಲೋಟ ಕೆಳಗಿಟ್ಟ. "ಯಾರು ಹೇಳಿದ್ದು?"

"ಇಡೀ ಇಲಾಖೆಗೇ ಗೊತ್ತು. ಸಂಜೆ ಎಂಟರ ತನಕ ಯಾರನ್ನೂ ಬಿಡಲ್ಲವಂತೆ. ಗಂಡಸರು ಅವಳ ರೂಮಿಂದ ಅಳ್ತಾ ಹೊರಗೆ ಬರ್ತಾರಂತೆ."

"ಅಳ್ತಾ ಬರ್ತಾರಾ?" ಅವನ ಮುಖದಲ್ಲಿ ಅದೇನೋ ಒಂದು ಕಳೆ. "ಇನ್ನೂ ಏನಂತಾರೆ? ಹೇಳು, ಹೇಳು."

ನಾನು ಬಿಡ್ತೀನಾ? ಬಾಯಿಗೆ ಬಂದಿದ್ದೆಲ್ಲ ಹೇಳಿದೆ. ಅವಳ ಗಂಡ ಪಾಪ ಹೇಗೆ ಬದುಕಿದ್ದಾನೋ ಅಂತಲೂ ಸೇರಿಸಿದೆ. ಅವನು ನನ್ನ ಕೈ ಹಿಡ್ಕೊಂಡು, "ನಿನ್ನಂಥ ಸ್ನೇಹಿತ ಇನ್ನೊಬ್ಬ ಇಲ್ಲ ಕಣೋ" ಅಂದ. ಕಣ್ಣು ಒದ್ದೆಯಾಗಿತ್ತು. ಇನ್ನೊಂದು ಕಾಫಿ ಅವನೇ ಕೊಡಿಸಿದ.

ಜಾಗ ಆರಿಸೋ ದಿನ ಅಧಿಕಾರಿಗಳು ಅವನನ್ನ ಮೊದಲು ಕರೆದ್ರು. "ಯಾವುದಪ್ಪಾ?"

ಅವನು ಪೆರೇಡಲ್ಲಿ ಕೂಗೋ ಹಾಗೆ ಕೂಗಿದ, "ಬೀದರ್, ಸಾರ್!"

ಅಧಿಕಾರಿಗಳೇ ಎರಡು ಸಲ ಕೇಳಿ ಬರ್ಕೊಂಡ್ರು. ಹದಿನೇಳು ವರ್ಷದಲ್ಲಿ ಮೊದಲ ಸಲ ನಾನು ಅವನನ್ನ ಸೋಲಿಸಿದ್ದೆ. ಅವತ್ತು ಬೀದಿಗೆಲ್ಲ ಮೈಸೂರು ಪಾಕ್ ಹಂಚಿದೆ, ಓನರ್ ಅಂಕಲ್‌ಗೆ ಎರಡು.

ಕೆಲಸಕ್ಕೆ ಸೇರೋ ದಿನ ಶೂ ಪಾಲಿಶ್ ಹೊಡೆದು, ಆದೇಶದ ಕಾಗದ ಹಿಡಿದು ಸೂಪರಿಂಟೆಂಡೆಂಟ್ ರೂಮಿಗೆ ಹೋಗಿ ನಿಂತೆ. ಮೇಡಂ ನೋಡೋಕೆ ತುಂಬಾ ಸಾಧು. ನಗ್ತಾ ಹೇಳಿದ್ರು, "ಬನ್ನಿ ಬನ್ನಿ. ನಿಮ್ಮ ವಿಷಯ ನಮ್ಮ ಯಜಮಾನರು ಬಹಳ ಹೇಳ್ತಿರ್ತಾರೆ. ಮನೆಗೆ ಕರೆದ್ರೆ ಮಾತ್ರ ನೀವು ಬರಲೇ ಇಲ್ಲ."

"ಯಾರು ಮೇಡಂ, ನಿಮ್ಮ ಯಜಮಾನರು?"

"ಬೀದರಲ್ಲಿದ್ದಾರಲ್ಲ, ಅವರು."

ನನ್ನ ಕೈಕಾಲು ತಾವಾಗಿಯೇ ಅಟೆನ್ಷನ್‌ಗೆ ಬಂದವು.

"ಇಷ್ಟು ಹತ್ತಿರ ಬಿಟ್ಟು ಬೀದರ್ ಯಾಕೆ ಬರೆಸಿದ್ರಿ ಅಂತ ಕೇಳ್ದೆ" ಅಂದ್ರು ಮೇಡಂ. "ಕೆಂಗೇರಿ ಸೂಪರಿಂಟೆಂಡೆಂಟ್ ರಾಕ್ಷಸಿ, ಎಂಟರ ತನಕ ಬಿಡಲ್ಲ, ಅಂತ ನೀವೇ ಹೇಳಿದ್ರಂತೆ. ಅವನು ಸುಳ್ಳು ಹೇಳೋ ಆಳಲ್ಲ ಅಂದ್ರು."

"ಮೇಡಂ, ಅದು..."

"ಇರಲಿ ಬಿಡಿ. ನಿಜ ಹೇಳ್ಬೇಕಂದ್ರೆ ಇಷ್ಟು ದಿನ ಐದೂವರೆಗೆ ಬೀಗ ಹಾಕ್ತಿದ್ದೆ. ಈಗ ಮನೆಗೆ ಓಡಿ ಏನು ಮಾಡ್ಲಿ? ಅಲ್ಲಿ ಯಾರಿದ್ದಾರೆ? ಆ ಬೀರುವಿನಲ್ಲಿರೋ ಹಳೇ ಫೈಲೆಲ್ಲ ಕೆಳಗಿಳಿಸಿ. ದಿನಾ ಎಂಟರ ತನಕ ಇಬ್ಬರೂ ಕೂತು ನೋಡೋಣ."

ಹೊಸ ಕೆಲಸದವನು, ಮೇಡಂ ಬೇಡ ಅನ್ನೋಕಾಗುತ್ತಾ? ಅತ್ತ ಅವನು ಬೀದರಿಂದ ಫೋನ್ ಮಾಡ್ತಾನೆ. ಐದೂವರೆಗೇ ಆಫೀಸ್ ಖಾಲಿಯಂತೆ, ಕೋಟೆ ಸುತ್ತ ವಾಕಿಂಗ್ ಹೋಗ್ತಾನಂತೆ, ಎರಡು ಕೆಜಿ ಜಾಸ್ತಿಯಾಗಿದ್ದಾನಂತೆ. ಆ ಎರಡು ಕೆಜಿ ನೆನೆಸ್ಕೊಂಡ್ರೂ ನನ್ನ ಹೊಟ್ಟೆ ಉರಿಯುತ್ತೆ.

ನಿನ್ನೆಯೂ ಮನೆ ಮುಟ್ಟೋವಾಗ ಎಂಟೂಮುಕ್ಕಾಲು. ಹೆಂಡತಿ ಬಾಗಿಲು ತೆಗೆದು, ಗಡಿಯಾರ ನೋಡಿ, ನನ್ನ ಮುಖ ನೋಡಿ ಅಂದಳು:

"ನೀವೇ ಬೀದರಿಗೆ ಹೋಗಿದ್ರೆ ಆರೂವರೆಗೆ ವಿಡಿಯೋ ಕಾಲಲ್ಲಾದ್ರೂ ಸಿಕ್ತಿದ್ರಿ."