ಹದಿನಾಲ್ಕು ಪೋಲು

"ಬಲಗಡೆ ಕಟ್ಟಡ" ಎಂದು ಮೇಷ್ಟ್ರು ಸ್ಪಷ್ಟವಾಗಿಯೇ ಹೇಳಿದ್ದರು. ಆದರೆ ತರಬೇತಿ ಕೇಂದ್ರದ ಮುಂಬಾಗಿಲಲ್ಲಿ ನೂಕುನುಗ್ಗಲು. ಸೋಪು ಕಾರ್ಖಾನೆಯ ಬಾಯ್ಲರ್ ಫೋರ್‌ಮನ್ನರು ಹಿಂಬಾಗಿಲಿಂದ ಹೊರಬಿದ್ದರು. ಹಾಗೆ ಹೊರಟರೆ ಬಲ ಎಡವಾಗುತ್ತದೆಂದು ಹೊಳೆಯಲೇ ಇಲ್ಲ.

ಕಾರ್ಖಾನೆ, ಕಚೇರಿಗಳಲ್ಲಿ ಕರೆಂಟು ಪೋಲಾಗದಂತೆ ನೋಡಿಕೊಳ್ಳುವ ಎನರ್ಜಿ ಮ್ಯಾನೇಜರುಗಳ ತರಬೇತಿ ಅದು. ಕೊನೆಯ ಪರೀಕ್ಷೆಯಲ್ಲಿ, ಕೊಟ್ಟ ಕಟ್ಟಡದಲ್ಲಿ ಸಂಜೆಯೊಳಗೆ ಹತ್ತು ಪೋಲು ಹುಡುಕಿ ನಿಲ್ಲಿಸಬೇಕು. ಫೋರ್‌ಮನ್ನರು ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದರು. "ಈ ಸಲಾನೂ ಪಾಸಾಗ್ದೆ ಬಂದ್ರೆ ನಮ್ಮಣ್ಣನ ಮುಂದೆ ನಾನು ತಲೆ ಎತ್ತೋ ಹಂಗಿಲ್ಲ ನೋಡಿ" ಎಂದು ಹೆಂಡತಿ ಬೆಳಿಗ್ಗೆಯೇ ಎಚ್ಚರಿಸಿದ್ದಳು.

"ಯಾರ್ ಸಾರ್ ನೀವು?" ಅವರು ಹೊಕ್ಕ ಕಟ್ಟಡದಲ್ಲಿ ಸ್ವಾಗತದ ಮೇಜಿನ ಹುಡುಗಿ ಕೇಳಿದಳು.

"ಎನರ್ಜಿ ಮ್ಯಾನೇಜರ್..." ಎಂದವರು "ಆಗ್ಬೇಕಾದೋನು" ಅನ್ನುವಷ್ಟರಲ್ಲಿ ಕೆಮ್ಮು ಬಂತು. ಹುಡುಗಿ ಎದ್ದು ನಿಂತು ಲಿಫ್ಟು ತೋರಿಸಿದಳು.

ಎರಡನೇ ಮಹಡಿಯಲ್ಲಿ ಏಸಿಯ ಚಳಿಗೆ ಗುಮಾಸ್ತರೆಲ್ಲ ಸ್ವೆಟರ್ ತೊಟ್ಟು ಗೂಬೆಗಳಂತೆ ಮುದುರಿದ್ದರು. ಹಿರಿಯ ಗುಮಾಸ್ತೆಯ ಮೇಜಿನಡಿ ಹೀಟರು ಕೆಂಡ ಕಾರುತ್ತಿತ್ತು.

"ಇದೇನಮ್ಮ, ಮೇಲಿಂದ ತಂಪು, ಕೆಳಗಿಂದ ಬಿಸಿ! ಎತ್ತು ಏರಿಗೆ, ಕೋಣ ನೀರಿಗೆ ಎಳೆದಂಗಾಯ್ತು!"

"ಹೀಟರ್ ಮುಟ್ಟಿದ್ರೆ ನೆಟ್ಟಗಿರಲ್ಲ!" ಆಕೆ ಫೈಲು ಎತ್ತಿದರು. ಬೆನ್ನ ಮೇಲೆ ಎರಡು ಏಟು ಬಿದ್ದರೂ ಫೋರ್‌ಮನ್ನರು ನುಸುಳಿ ಪ್ಲಗ್ಗು ಕಿತ್ತರು, ಏಸಿಯ ಚಳಿಯನ್ನೂ ತಗ್ಗಿಸಿದರು. ಅರ್ಧ ಗಂಟೆಯಲ್ಲಿ ಸ್ವೆಟರುಗಳು ಒಂದೊಂದಾಗಿ ಕಳಚಿದವು.

ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಮೂರು ತಿಂಗಳಿಂದ ಖಾಲಿಯಿದ್ದ ನಾಲ್ಕನೇ ಮಹಡಿಯಲ್ಲಿ ದೀಪಗಳು ಮದುವೆ ಮನೆಯಂತೆ ಉರಿಯುತ್ತಿದ್ದವು, ಆರಿಸಿದರು. ತಾರಸಿಯಲ್ಲಿ ಟ್ಯಾಂಕು ಚೆಲ್ಲಿ ಹರಿಯುತ್ತಿದ್ದರೂ ಪಂಪು ನಿಂತಿರಲಿಲ್ಲ.

"ಸ್ವಿಚ್ಚೆಲ್ಲಿದೆ ಅಂತ ಹಳೇ ವಾಚ್‌ಮನ್‌ಗೆ ಮಾತ್ರ ಗೊತ್ತಿತ್ತು ಸಾರ್" ಎಂದ ಹೊಸ ವಾಚ್‌ಮನ್. ವೈರಿನ ಜಾಡು ಹಿಡಿದು ತೆವಳಿದ ಫೋರ್‌ಮನ್ನರು ಸ್ವಿಚ್ಚು ಸಿಗುವ ಹೊತ್ತಿಗೆ ನೆಂದ ಬೆಕ್ಕಾಗಿದ್ದರು.

ಯಾರೋ ದೂರು ಕೊಟ್ಟು, ಕಟ್ಟಡದ ಯಜಮಾನರು ಬುಸುಗುಡುತ್ತ ಬಂದರು. "ನಿಮಗೆ ಅಧಿಕಾರ ಕೊಟ್ಟೋರು ಯಾರ್ರೀ?"

ಫೋರ್‌ಮನ್ನರು ಅವರ ಕೈ ಹಿಡಿದು ಮೀಟರಿನ ಮುಂದೆ ನಿಲ್ಲಿಸಿದರು. ಕುದುರೆಯಂತೆ ಓಡುತ್ತಿದ್ದ ಮೀಟರು ಬಸವನಹುಳುವಿನಂತೆ ತೆವಳುತ್ತಿತ್ತು. ಯಜಮಾನರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಮೊದಲು ಚಪ್ಪಾಳೆ ತಟ್ಟಿದ್ದು ಹಿರಿಯ ಗುಮಾಸ್ತೆ!

ಇಡೀ ಕಚೇರಿ ಮೆರವಣಿಗೆಯಲ್ಲಿ ಅವರನ್ನು ತರಬೇತಿ ಕೇಂದ್ರಕ್ಕೆ ಕರೆತಂದಿತು.

"ಎಲ್ರೀ ಹಾಳಾಗೋಗಿದ್ರಿ? ನಾನು ಹೇಳಿದ್ದು ಬಲಗಡೆ ಕಟ್ಟಡ! ನಿಮಗೆ ಗೈರುಹಾಜರಿ ಹಾಕಾಯ್ತು" ಎಂದರು ಮೇಷ್ಟ್ರು.

ಫೋರ್‌ಮನ್ನರು ನಿಲ್ಲಿಸಿದ್ದನ್ನೆಲ್ಲ ಬರೆದಿದ್ದ ಪಟ್ಟಿಯನ್ನು ಯಜಮಾನರು ಮುಂದಿಟ್ಟರು. ಹದಿನಾಲ್ಕು ಪೋಲು! ಓದುತ್ತ ಮೇಷ್ಟ್ರ ಕಣ್ಣು ಅರಳಿತು.

"ಇಂಥ ಕೆಲಸ ನಾನು ಈವರೆಗೂ ನೋಡಿಲ್ಲ. ಆದ್ರೆ ನಿಯಮ ನಿಯಮಾನೇ. ನಾಳೆ ನಿಮಗೊಬ್ರಿಗೇ ಮರುಪರೀಕ್ಷೆ ಇಡ್ತೀನಿ. ಹತ್ತು ಪೋಲು ಹುಡುಕಿದ್ರೆ ಪಾಸು. ಆದ್ರೆ ಬಲಗಡೆಯೋರಿಗೆ ನಾಳೆ ರಜ, ಕಟ್ಟಡ ಎಲ್ಲಿಂದ ತರ್ಲಿ?"

"ನಮ್ದಿಲ್ವಾ ಸಾರ್!" ಯಜಮಾನರು ಎದೆ ತಟ್ಟಿಕೊಂಡರು. "ಅಲ್ಲೀವರ್ಗೂ ಒಂದು ಸ್ವಿಚ್ಚನ್ನೂ ಯಾರೂ ಮುಟ್ಟದಂಗೆ ನಾನೇ ಕಾಯ್ತೀನಿ. ಎಲ್ಲಾ ಇವ್ರು ಸರಿ ಮಾಡಿಟ್ಟಂಗೇ ಇರುತ್ತೆ!"

"ಆಗ್ಲಿ!" ಎಂದರು ಮೇಷ್ಟ್ರು.

"ಅಯ್ಯೋ ಸ್ವಾಮಿ, ಅಲ್ಲಿ ಇನ್ನೊಂದೂ ಪೋಲು..." ಎಂದು ಫೋರ್‌ಮನ್ನರು ಬಾಯಿ ತೆಗೆಯುವಷ್ಟರಲ್ಲಿ, ಗುಮಾಸ್ತರೆಲ್ಲ ಜೈಕಾರ ಹಾಕಿ ಅವರನ್ನು ಹೆಗಲ ಮೇಲೆ ಎತ್ತಿಯಾಗಿತ್ತು.