ನನ್ನ ಕಿವಿಯೂ ಇಯರ್‌ಫೋನಿನ ತೂತೂ

ಕಿಬ್ಬನಹಳ್ಳಿಯಿಂದ ತಿಪಟೂರಿನವರೆಗೆ ಈಗ ಯಾರೇ ಎದುರು ಸಿಕ್ಕರೂ ನನ್ನ ಕಿವಿಯನ್ನೇ ನೋಡಿ ನಗುತ್ತಾರೆ. ಕಿವಿಯದು ಏನೂ ತಪ್ಪಿಲ್ಲ ಎಂದು ಒಬ್ಬೊಬ್ಬರನ್ನೂ ನಿಲ್ಲಿಸಿ ಹೇಳುತ್ತಾ ಹೋದರೆ ನನ್ನ ಆಯಸ್ಸು ಸಾಲದು. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ. ತಪ್ಪೆಲ್ಲ ನನ್ನ ಮೊಬೈಲಿನ ತಳದಲ್ಲಿರುವ ಇಯರ್‌ಫೋನಿನ ತೂತಿನದು. ಒಂದು ಜೋಳದ ಕಾಳೂ ಹಿಡಿಸದಷ್ಟು ಚಿಕ್ಕ ತೂತು ಅದು.

ಮೊದಲು ನನ್ನ ಕಿವಿಯ ವಿಚಾರ. ನಮ್ಮ ಕಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ತೆಪ್ಪಗೆ ಬಿದ್ದಿರಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ಉರುಳಬೇಕು. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಬೇಕು. ನೀರಿನ ಸದ್ದು ಪೂರ್ತಿ ಹೋಗಿ ಬರೀ ಲೊಟಲೊಟ ಉಳಿದರೆ ಕಾಯಿ ಪಕ್ವ. ಈ ವಿದ್ಯೆಯಲ್ಲಿ ರೇಣುಕಪ್ರಸಾದನಾದ ನಾನು ಸುತ್ತ ನಾಲ್ಕೂರಿಗೆ ಶ್ರವಣ ಸಾರ್ವಭೌಮ. (ಬಿರುದು ನಾನೇ ಕೊಟ್ಟುಕೊಂಡದ್ದು. ಬೇರೆಯವರು ಕೊಡಲಿ ಎಂದು ಕಾಯುವಷ್ಟು ವ್ಯವಧಾನ ನನಗಿಲ್ಲ.)

ಮಧ್ಯಾಹ್ನ ಊಟವಾದ ಮೇಲೆ ಕಾಯಿ ಅಲ್ಲಾಡಿಸುವ ನೆಪದಲ್ಲಿ ಅಟ್ಟ ಹತ್ತುತ್ತೇನೆ. ಅಲ್ಲಿ ಹಂಚಿನ ಸಂದಿಯಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತದೆ. ಅದರೊಳಗೆ ನಾರಿನ ಧೂಳು ಯಾವ ಅವಸರವೂ ಇಲ್ಲದೆ ತೇಲುತ್ತದೆ. ಆ ಕೊಬ್ಬರಿ ವಾಸನೆಗೇ ಅರ್ಧ ನಿದ್ದೆ ಬಂದಿರುತ್ತದೆ. ಸಾವಿರಾರು ಕಾಯಿಗಳ ನಡುವೆ ನಾನೂ ಒಂದು ಕಾಯಿಯಾಗಿ, ಲೋಕದ ಹಂಗಿಲ್ಲದೆ ಮಲಗಿರುತ್ತೇನೆ. ಕಿವಿಯಲ್ಲಿ ವೈರಿನ ಇಯರ್‌ಫೋನು. (ವೈರಿಲ್ಲದ್ದನ್ನೂ ಕೊಂಡಿದ್ದೆ. ಅದರಲ್ಲಿ ಒಂದು ಕಾಯಿರಾಶಿಯೊಳಗೆ ಉರುಳಿಹೋಯಿತು. ಈಗ ಯಾವ ಊರಿನ ಚೀಲದಲ್ಲಿದೆಯೋ, ಯಾವ ಕೊಬ್ಬರಿಗೆ ಹಾಡು ಹೇಳುತ್ತಿದೆಯೋ.)

ಹೋದ ತಿಂಗಳು ಈ ಸ್ವರ್ಗಕ್ಕೆ ರೋಗ ತಗುಲಿತು. ಮೊದಲು ಎಡಗಿವಿಯ ಸದ್ದು ಹೋಯಿತು. ಆಮೇಲೆ ಎರಡರಲ್ಲೂ ಕರಕರ. ವೈರು ತುಂಡಾಗಿದೆ ಎಂದು ಹೊಸ ಇಯರ್‌ಫೋನು ತಂದೆ; ಅದಕ್ಕೂ ಅದೇ ಕಾಯಿಲೆ. ಇನ್ನೊಂದು ತಂದೆ, ಅದಕ್ಕೂ ಅದೇ. ಮೊಬೈಲನ್ನು ಆಫ್ ಮಾಡಿ ಆನ್ ಮಾಡಿದೆ. ತೂತಿಗೆ ಬಾಯಿಟ್ಟು ಊದಿದೆ. ಕೊನೆಗೆ ಕುಲವಿದ್ಯೆಯನ್ನು ಪ್ರಯೋಗಿಸಿ, ಮೊಬೈಲನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಏನೂ ಉರುಳಲಿಲ್ಲ. ಇನ್ನೂ ಹಸಿ ಇರಬೇಕು ಎಂದುಕೊಂಡು ಸುಮ್ಮನಾದೆ.

ಇಯರ್‌ಫೋನಿನ ಪಿನ್ನು ಪೂರ್ತಿ ಒಳಗೆ ಹೋಗುತ್ತಿರಲಿಲ್ಲ, ಒಂದು ಅಕ್ಕಿಕಾಳಿನಷ್ಟು ಹೊರಗೇ ಉಳಿಯುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ ಓರೆಯಾಗಿ ಹಿಡಿದರೆ ಮಾತ್ರ ಕರಕರ ನಿಂತು ಒಂದು ವಿಚಿತ್ರ ನಾದ ಬರುತ್ತಿತ್ತು. ಏಳು ತೋಟದಾಚೆ ಯಾರೋ ವೀಣೆ ನುಡಿಸಿದ ಹಾಗೆ, ಬಾವಿಯ ತಳದಲ್ಲಿ ಕೊಳಲು ಊದಿದ ಹಾಗೆ. ನನಗೆ ಅದು ಮೊದಲಿಗಿಂತ ಹಿತವಾಗಿಯೇ ಇತ್ತು. ಕ್ರಾಸಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಜ್ಞಾನೇಶನಿಗೆ ತೋರಿಸಿ ಎಂದು ನನ್ನ ಹೆಂಡತಿ ಗಿರಿಜಾಂಬಿಕಾ ದಿನಕ್ಕೆ ಎರಡು ಸಲ ಹೇಳಿದಳಂತೆ. ನನಗೆ ಕೇಳಿಸಿದ ನೆನಪಿಲ್ಲ.

ಹೀಗಿರುವಾಗ ಅವಳ ಮಹಿಳಾ ಸಂಘದವರು ಹೊಸ ಕಟ್ಟಡ ಕಟ್ಟಿಸಿದರು. ಪ್ರಾರಂಭೋತ್ಸವಕ್ಕೆಂದು ಸಂಘದ ಅಧ್ಯಕ್ಷೆ ಸುವರ್ಣಮ್ಮನವರು ತಾವೇ ಒಂದು ಪ್ರಾರ್ಥನೆ ಬರೆದು, ಅದನ್ನು ಗಿರಿಜಳೇ ಹಾಡಬೇಕೆಂದು ತಿಪಟೂರಿನ ಸ್ಟುಡಿಯೋಗೆ ಕರೆದುಕೊಂಡು ಹೋದರು. ಮದುವೆಯಾಗಿ ಇಪ್ಪತ್ತಾರು ವರ್ಷಗಳಲ್ಲಿ ಅವಳ ಹಾಡನ್ನು ಕೊಟ್ಟಿಗೆಯ ಹಸು ಬಿಟ್ಟರೆ ಯಾರೂ ಸರಿಯಾಗಿ ಕೇಳಿರಲಿಲ್ಲ. ವಾದ್ಯದ ಜೊತೆ ಮೂರು ಸಲ ಹಾಡಿ ಬಂದಳು. ಸ್ಟುಡಿಯೋದವರು ಮೂರನ್ನೂ ಇದ್ದ ಹಾಗೇ ನನ್ನ ಮೊಬೈಲಿಗೆ ಕಳಿಸಿದರು.

"ರೀ, ಯಾವ್ದು ಚೆನ್ನಾಗೈತೆ ನೀವೇ ಕೇಳಿ ಹೇಳಿ. ನನ್ನ ದನಿ ನಾನೇ ಕೇಳಕ್ಕೆ ನನಗೆ ನಾಚ್ಕೆ ಆಯ್ತದೆ," ಎಂದಳು. "ಜೋರಾಗಿ ಹಾಕ್ಬೇಡಿ ಮತ್ತೆ. ಇಯರ್‌ಫೋನ್ ಇಟ್ಕೊಂಡು ಅಟ್ಟದ ಮೇಲೆ ಕೇಳಿ. ಸಂಜೆ ಐದಕ್ಕೆ ಸುವರ್ಣಕ್ಕಂಗೆ ಕಳಿಸ್ಬೇಕು."

"ಅದೇನು ದೊಡ್ಡ ವಿಷ್ಯ, ಬುಡು."

"ದೊಡ್ಡ ವಿಷ್ಯನೇ ಕಣ್ರೀ. ತಪ್ಪಿದ್ರೆ ತಪ್ಪೈತೆ ಅನ್ನಿ, ಬೇಜಾರಿಲ್ಲ. ಅಷ್ಟು ಜನದ ಮುಂದೆ ನಗೆಪಾಟಲು ಆಗೋದು ಬೇಡ."

ಹೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನನಗೆ ಪಾಪ ಅನ್ನಿಸಿತು. ಅಟ್ಟ ಹತ್ತಿ, ಪಿನ್ನನ್ನು ಓರೆಯಾಗಿ ಹಿಡಿದು, ಒಂದನೆಯದನ್ನು ಹಾಕಿದೆ.

ಈಗ ಹೇಳುವುದನ್ನು ದಯವಿಟ್ಟು ನಂಬಿ: ನಾನು ನಿದ್ದೆ ಮಾಡಲಿಲ್ಲ. ಕಣ್ಣು ಮುಚ್ಚಿದ್ದೆ, ಅಷ್ಟೆ. ಕೊಳಲು ಬಂತು, ವೀಣೆ ಬಂತು, ಅವುಗಳ ಹಿಂದೆ ಎಲ್ಲೋ ಮಂಜಿನೊಳಗಿಂದ ಒಂದು ದನಿಯ ನೆರಳು ಬಂದ ಹಾಗಾಯಿತು. ಬಿಸಿಲಿನ ಕೋಲುಗಳು ಮೆಲ್ಲಗೆ ಸರಿಯುತ್ತಿದ್ದವು. ತೋಟದ ಗರಿಗಳು ಹೊರಗೆ ಸೊಯ್ಯೆನ್ನುತ್ತಿದ್ದವು; ಅದು ಹಾಡಿನದೋ ಗಾಳಿಯದೋ ತಿಳಿಯುತ್ತಿರಲಿಲ್ಲ. ಎರಡನೆಯದರಲ್ಲಿ ನನ್ನ ಮೈ ಹಗುರಾಯಿತು. ಮೂರನೆಯದು ಮುಗಿಯುವ ಹೊತ್ತಿಗೆ ಹೆಬ್ಬೆರಳು ಜೋಮು ಹಿಡಿದಿತ್ತು, ಕಣ್ಣಂಚು ಒದ್ದೆಯಾಗಿತ್ತು. ಇಂಥವಳನ್ನು ಕಟ್ಟಿಕೊಂಡ ನಾನೇ ಪುಣ್ಯವಂತ ಅನ್ನಿಸಿತು. ಮನಸ್ಸಿನಲ್ಲೇ ಕಾಯಿಯ ಲೆಕ್ಕ ಹಾಕಿದೆ: ನೀರೆಲ್ಲ ಇಂಗಿ ಬರೀ ನಾದ ಉಳಿದಿದೆ, ಇದು ಪಕ್ವ.

ಕೆಳಗೆ ಏಣಿಯ ಬುಡದಲ್ಲೇ ನಿಂತಿದ್ದಳು. "ಹೆಂಗಿತ್ತು?"

"ಕೊನೇದೇ ಚೆನ್ನಾಗೈತೆ ಕಣೇ. ಜೇನು ಸುರಿದಂಗೈತೆ."

"ಪೂರ್ತಿ ಕೇಳಿದ್ರಾ?"

"ಕಣ್ಣಲ್ಲಿ ನೀರು ಬಂತು ನೋಡು."

ನೋಡಿದಳು. ಅವಳ ಮುಖ ಬೆಳಗಿತು. ಐದು ಗಂಟೆಗೆ ಮೂರನೆಯದು ಸುವರ್ಣಮ್ಮನವರ ಮೊಬೈಲಿಗೆ ಹೋಯಿತು. ಯಜಮಾನರೇ ಕೇಳಿ ಆರಿಸಿದ್ದಾರೆಂದ ಮೇಲೆ ತಾವು ಕೇಳುವುದೇನಿದೆ ಎಂದು ಅವರು ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಇನ್ನೂರು ಜನ ಸೇರಿದ್ದರು. ಮಾಜಿ ಪಂಚಾಯಿತಿ ಅಧ್ಯಕ್ಷರು, ಕೊಬ್ಬರಿ ವ್ಯಾಪಾರಿಗಳು, ನನ್ನ ಬೀಗರು, ಎಲ್ಲರೂ ಎದ್ದು ನಿಂತರು. ಆಳೆತ್ತರದ ಎರಡು ಸ್ಪೀಕರುಗಳಿಂದ ಹಾಡು ಹೊರಟಿತು. ನಾನು ಬೆಚ್ಚಿದೆ. ಅದರಲ್ಲಿ ಒಂದು ದನಿ ಇತ್ತು. ಸ್ವಲ್ಪ ಗಡಸು, ನಡುವೆ ಒಂದೆಳೆ ನಡುಕ, ಆದರೆ ಎಲ್ಲೂ ಜಾರದ ದನಿ. ಇದು ಯಾರದು ಎಂದು ಪಕ್ಕದವರನ್ನು ಕೇಳಬೇಕೆನ್ನುವಷ್ಟರಲ್ಲಿ ಗಿರಿಜಳದೆಂದು ಹೊಳೆದು, ಎದೆ ತುಂಬಿ ಬಂತು.

ಎರಡು ಸಾಲು ಮುಗಿದು ಕೊಳಲಿನ ಸರದಿ ಬಂತು. ಮೈಕು ಆಗ ಆಫ್ ಆಗಿರುತ್ತದೆಂದು ಸ್ಟುಡಿಯೋದಲ್ಲಿ ಅವಳು ತಿಳಿದಿದ್ದಳು. ಸ್ಪೀಕರಿನಿಂದ ಅವಳ ಮಾತು ಸ್ಪಷ್ಟವಾಗಿ ಕೇಳಿಸಿತು:

"ಸುವರ್ಣಕ್ಕ, ನಮ್ಮೆಜಮಾನ್ರಿಗೆ ಕೇಳ್ಸಿ ಆರ್ಸೋಣ ಅಂತೀಯಲ್ಲ. ಅವ್ರೆಲ್ಲಿ ಕೇಳ್ತಾರೆ ಬುಡು. ಅಟ್ಟ ಹತ್ತಿ ಗೊರಕೆ ಹೊಡ್ದು, ಕೊನೇದೇ ಚೆನ್ನಾಗೈತೆ ಕಣೇ, ಜೇನು ಸುರಿದಂಗೈತೆ ಅಂತಾರೆ. ಯಾಕಂದ್ರೆ ಎಚ್ಚರ ಆಗೋದೇ ಕೊನೇದಕ್ಕೆ. ಉಪ್ಪು ಹಾಕದಿರೋ ಸಾರಿಗೂ ಅದನ್ನೇ ಅಂದೋರು ಅವ್ರು."

ಆಮೇಲೆ ಸುವರ್ಣಮ್ಮನವರ ನಗು. ಆಮೇಲೆ ಗಿರಿಜಳ ದನಿ ತಾಳ ತಪ್ಪದೆ ಮತ್ತೆ ದೇವರ ಕಡೆಗೆ ತಿರುಗಿತು.

ದೇವರ ಕಡೆ ತಿರುಗಿದವಳು ಅವಳೊಬ್ಬಳೇ. ಉಳಿದ ಇನ್ನೂರು ಜನವೂ ನನ್ನ ಕಡೆ ತಿರುಗಿದರು. ಬೀಗರು ಹೊಟ್ಟೆ ಹಿಡಿದುಕೊಂಡು ಕುರ್ಚಿಗೆ ಕುಸಿದರು. ನಾನು ಅವಮಾನವನ್ನು ನುಂಗಿಕೊಂಡೆ. ಅದು ನನಗೆ ಅಭ್ಯಾಸ. ಆದರೆ ಮುಂದಿನ ಸಾಲಿನಲ್ಲಿ ಗಿರಿಜ ತಲೆ ತಗ್ಗಿಸಿ ನಿಂತಿದ್ದಳು. ಮಧ್ಯಾಹ್ನದವರೆಗೆ ನನ್ನ ಮುಖ ನೋಡಲಿಲ್ಲ. ಮನೆಗೆ ಬಂದ ಮೇಲೆ ಒಂದೇ ಮಾತು: "ಎಚ್ಚರವಾಗಿ ಒಂದ್ಸಲ ಕೇಳಿದ್ರೆ ಸಾಕಿತ್ತು."

ನನಗೆ ಸಂಕಟವಾಯಿತು. ನಾನು ಎಚ್ಚರವಾಗಿದ್ದೆ ಎಂದು ಸಾಬೀತು ಮಾಡಲು ನೇರವಾಗಿ ಜ್ಞಾನೇಶನ ಅಂಗಡಿಗೆ ಹೋದೆ. ಅವನು ತೂತಿಗೆ ದೀಪ ಬಿಟ್ಟು ನೋಡಿ, ಸಣ್ಣ ಸೂಜಿ ಹಾಕಿ ಮೆಲ್ಲಗೆ ಕೆದಕಿದ. ಗಟ್ಟಿಯಾಗಿ ಅಮರಿಕೊಂಡಿದ್ದ ತೆಂಗಿನ ನಾರಿನ ಧೂಳು ಉಂಡೆಯಾಗಿ ಹೊರಗೆ ಬಿತ್ತು.

"ಪ್ರಸಾದಣ್ಣ, ಇದ್ರಲ್ಲಿ ಹಗ್ಗ ಹೊಸೀಬೋದು. ಪಿನ್ನು ತಳ ಮುಟ್ದೆ ಇದ್ರೆ ಎರಡು ಕಿವಿಗೂ ಸಮವಾಗಿ ಬರೋ ಸದ್ದು ಒಂದನ್ನೊಂದು ಹೊಡ್ದಾಕ್ಬುಡ್ತದೆ. ಹಾಡೋರ ದನಿ ಎರಡಕ್ಕೂ ಸಮ ಇರ್ತದಲ್ಲ, ಅದೇ ಹೋಯ್ತದೆ. ಬರೀ ವಾದ್ಯ ಉಳೀತದೆ."

ನಾರಿನ ಉಂಡೆಯನ್ನು ಕಾಗದದಲ್ಲಿ ಕಟ್ಟಿಸಿಕೊಂಡು, ಗೆದ್ದವನಂತೆ ಮನೆಗೆ ಬಂದೆ. ಗಿರಿಜಳ ಮುಂದೆ ಪೊಟ್ಟಣ ಬಿಚ್ಚಿ, ಜ್ಞಾನೇಶ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದೆ. "ನಾನು ಮೂರೂ ಎಚ್ಚರವಾಗೇ ಕೇಳಿದೀನಿ ಕಣೇ. ತಪ್ಪು ತೂತಿಂದು."

ಅವಳು ನಾರನ್ನು ನೋಡಿದಳು, ನನ್ನನ್ನು ನೋಡಿದಳು.

"ಅಂದ್ರೆ ಮೂರು ಹಾಡಲ್ಲೂ ನನ್ನ ದನಿನೇ ಇರ್ಲಿಲ್ಲ."

"ಹೂಂ ಮತ್ತೆ."

"ಇಲ್ಲ ಅಂತ ನಿಮಗೆ ಗೊತ್ತೇ ಆಗ್ಲಿಲ್ಲ."

ಅಂಗಡಿಯಿಂದ ಬರುವಾಗ ಇಷ್ಟು ದೂರ ಯೋಚಿಸಿರಲಿಲ್ಲ. "ಹಂಗಲ್ಲ ಕಣೇ. ದನಿ ಕೇಳಿಸ್ತು. ನಿನ್ನ ನೋಡಕ್ಕೆ ಬಂದ ದಿನ ಒಳಗಡೆಯಿಂದ ಹಾಡಿದ್ಯಲ್ಲ, ಆ ದನಿ ನನ್ನ ಮನಸ್ಸಲ್ಲಿ ಹಂಗೇ ಕೂತೈತೆ. ಅದನ್ನೇ ಕೂಡಿಸ್ಕೊಂಡು ಕೇಳ್ತಿದ್ದೆ. ಅದಕ್ಕೇ ಕಣ್ಣಲ್ಲಿ ನೀರು ಬಂದಿದ್ದು." ಇದು ಸತ್ಯವೂ ಆಗಿತ್ತು. ಇದರ ಮುಂದೆ ಯಾವ ಹೆಂಡತಿಯ ಕೋಪವೂ ನಿಲ್ಲಲಾರದು ಎಂದು ನನಗೆ ಧೈರ್ಯ ಬಂತು.

ಗಿರಿಜ ಪೊಟ್ಟಣವನ್ನು ಮಡಿಸಿ ನನ್ನ ಕೈಯಲ್ಲಿಟ್ಟಳು.

"ಅವತ್ತು ಒಳಗಡೆಯಿಂದ ಹಾಡಿದ್ದು ನಮ್ಮಕ್ಕ ಕಣ್ರೀ. ನಾನು ಉಪ್ಪಿಟ್ಟಿನ ತಟ್ಟೆ ಹಿಡ್ಕೊಂಡು ನಿಮ್ಮೆದುರಿಗೇ ನಿಂತಿದ್ದೆ."