ಹಸಿರು ಸ್ಟಿಕ್ಕರ್ ಬಿಸ್ಕತ್ತು

"ಇವತ್ತು ಅಡುಗೆಮನೆ ನನ್ ಡಿಪಾರ್ಟ್‌ಮೆಂಟು. ನೀನು ಆರಾಮಾಗಿ ಹೋಗ್ಬಾ!"

ಭಾನುವಾರ ಬೆಳಿಗ್ಗೆ ಬಾಗಲೂರಿನ ತನ್ನ ಮನೆಯ ಬಾಗಿಲಲ್ಲಿ ನಿಂತು ಕುಮಾರೇಶ ಹೀಗೆ ಘೋಷಿಸಿದಾಗ ಅವನ ಹೆಂಡತಿ ವನಿತಾ ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದನ್ನು ಮರೆತು ನಿಂತುಬಿಟ್ಟಳು. ಅಂಚೆಟ್ಟಿಯಿಂದ ಬರುತ್ತಿದ್ದ ತಾಯಿ ಕಮಲಮ್ಮನನ್ನು ಹೊಸೂರು ಬಸ್‌ಸ್ಟ್ಯಾಂಡಿನಿಂದ ಕರೆತರಲು ಹೊರಟಿದ್ದವಳು ಅವಳು.

"ಏನ್ ಮಾಡ್ತೀರಾ?"

"ಬಿಸ್ಕತ್ತು! ಮಕ್ಕಳ ಕೈಲೇ ಮಾಡಿಸ್ತೀನಿ. ಜೊತೆಗೆ ಕ್ರಾಫ್ಟ್ ಬೇರೆ. ಉಪ್ಪು ಹಾಕಿದ ಮೈದಾ ಹಿಟ್ಟಿನಾಗೆ ಆನೆ!"

"ರೀ, ಎರಡ್ರಲ್ಲಿ ಒಂದು ಮಾಡಿ, ಸಾಕು."

"ಫ್ಯಾಕ್ಟ್ರೀಲಿ ಎರಡು ಲೈನ್ ಒಟ್ಟಿಗೆ ಓಡಿಸೋನು ಕಣೇ ನಾನು!"

ವನಿತಾ ದೇವರ ಗೂಡಿನ ಕಡೆ ಒಮ್ಮೆ ನೋಡಿ, ಮಕ್ಕಳ ಕಡೆ ಒಮ್ಮೆ ನೋಡಿ, ಇನ್ನೊಂದು ಚಪ್ಪಲಿಯನ್ನೂ ಹಾಕಿಕೊಂಡು ಹೊರಟಳು.

ಕುಮಾರೇಶನ ಉತ್ಸಾಹಕ್ಕೆ ಒಂಬತ್ತು ವರ್ಷ ಹಳೆಯ ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ಅತ್ತೆಯ ಎದುರು ಜಂಬ ತೋರಿಸಲು ಹೋಗಿ ನೀರೇ ಹಾಕದೆ ಕುಕ್ಕರ್ ಇಟ್ಟಿದ್ದ. ಕುಕ್ಕರ್ ಕಪ್ಪಾಯಿತು, ಅವನ ಮುಖ ಅದಕ್ಕಿಂತ ಕಪ್ಪಾಯಿತು! ಅಂದಿನಿಂದ ಕಮಲಮ್ಮ ಅಂಚೆಟ್ಟಿ ಸುತ್ತಮುತ್ತ ಯಾರ ಮನೆಗೆ ಹೋದರೂ "ನಮ್ಮಳಿಯಂದ್ರಾ? ಒಳ್ಳೇವ್ರೇ, ಒಲೆ ಹತ್ರ ಮಾತ್ರ ಬಿಡ್ಬೇಡಿ" ಎಂದೇ ಪರಿಚಯಿಸುತ್ತಿದ್ದಳು. ಒಂದೇ ಒಂದು ಸಲ ಆ ಬಾಯಿಂದ "ಪರ್ವಾಗಿಲ್ಲ ನಮ್ಮಳಿಯ" ಎನ್ನಿಸಿಕೊಳ್ಳಬೇಕು ಎಂಬುದು ಕುಮಾರೇಶನ ಜೀವನದ ಏಕೈಕ ಬಾಕಿ ಆಸೆ. ಉಳಿದದ್ದೆಲ್ಲ, ಪ್ರಮೋಷನ್ನು ಸೇರಿದಂತೆ, ಸಿಕ್ಕಿಬಿಟ್ಟಿತ್ತು.

ಅವನು ಹೊಸೂರಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಅಲ್ಲಿ ಹಸಿರು ಸ್ಟಿಕ್ಕರ್ ಎಂದರೆ ಪಾಸು, ಕೆಂಪು ಎಂದರೆ ರಿಜೆಕ್ಟು. "ಸ್ಟಿಕ್ಕರ ಪಾರು, ಮೂಂಜಿಯ ಪಾಕ್ಕಾದೆ" ಎಂಬುದು ಅವನ ತಮಿಳು ಮೇಲಧಿಕಾರಿಯ ಉಪದೇಶ. ಸ್ಟಿಕ್ಕರ್ ನೋಡು, ಮುಖ ನೋಡಬೇಡ! ಕುಮಾರೇಶ ಈ ಉಪದೇಶವನ್ನು ಮನೆಯವರೆಗೂ ಹೊತ್ತು ತಂದಿದ್ದ.

ಹೀಗಾಗಿ ಅಂದು ಎರಡು ಹಿಟ್ಟು ತಯಾರಾದವು. ಸಕ್ಕರೆ ತುಪ್ಪ ಹಾಕಿದ್ದನ್ನು ಎಂಟು ವರ್ಷದ ಭಾನು ನಾದಿದಳು. ಅದು ಬಿಸ್ಕತ್ತಿಗೆ. ಅರ್ಧಕ್ಕರ್ಧ ಉಪ್ಪು ಸುರಿದದ್ದನ್ನು ನಾಲ್ಕು ವರ್ಷದ ಜಗನ್ ಮೊಣಕೈವರೆಗೂ ಮೆತ್ತಿಕೊಂಡು ನಾದಿದ. ಅದು ಆನೆಗೆ. ಭಾನು ಎರಡಕ್ಕೂ ಧಾರಾಳವಾಗಿ ಏಲಕ್ಕಿ ಪುಡಿ ಉದುರಿಸಿದಳು.

"ಆನೆಗ್ಯಾಕಮ್ಮಾ ಏಲಕ್ಕಿ?"

"ಅದಕ್ಕೂ ಗಮಗಮ ಅನ್ನೋದು ಬೇಡ್ವಾ ಅಪ್ಪಾ?"

ವಾದದಲ್ಲಿ ಮಗಳು ತಾಯಿಯಂತೆ. ಕುಮಾರೇಶ ಸೋತು, ಎರಡೂ ಹಿಟ್ಟನ್ನು ಎರಡು ಸ್ಟೀಲ್ ಡಬ್ಬಿಯಲ್ಲಿಟ್ಟು ಬಿಸ್ಕತ್ತಿನ ಡಬ್ಬಿಗೆ ಹಸಿರು, ಆನೆಯ ಡಬ್ಬಿಗೆ ಕೆಂಪು ಸ್ಟಿಕ್ಕರ್ ಅಂಟಿಸಿದ. ಅರ್ಧ ಗಂಟೆ ನೆನೆಯಲಿ ಎಂದು ಹೊಸ ಓವನ್ನಿನ ಪುಸ್ತಕ ಹಿಡಿದು ನಡುಮನೆಯಲ್ಲಿ ಕುಳಿತ.

"ಅಕ್ಕಾ, ಕೆಂಪು ಅಂದ್ರೇನು?" ಜಗನ್ ಕೇಳಿದ.

"ರಿಜೆಕ್ಟ್ ಕಣ್ಲಾ. ಅಂದ್ರೆ, ಚೆನ್ನಾಗಿಲ್ಲ ಅಂತ."

ಇಷ್ಟು ಹೇಳಿ ಭಾನು ಕೈ ತೊಳೆಯಲು ಹೋದಳು. ಜಗನ್ನನ ಕೆಳತುಟಿ ನಡುಗಿತು. ಬೆವರು ಸುರಿಸಿ ನಾದಿದ ತನ್ನ ಹಿಟ್ಟು ಚೆನ್ನಾಗಿಲ್ಲವೇ? ಅಪ್ಪ ನೋಡದೆಯೇ ಹಾಗೆ ಹೇಳಿಬಿಡುವುದೇ? ಅನ್ಯಾಯ! ಸ್ಟೂಲ್ ಎಳೆದುಕೊಂಡು ಹತ್ತಿ, ಉಗುರಿನಿಂದ ಎರಡೂ ಸ್ಟಿಕ್ಕರ್ ಕಿತ್ತು, ಹಸಿರನ್ನು ತನ್ನ ಡಬ್ಬಿಗೆ ಅಂಟಿಸಿಕೊಂಡ. ಅಕ್ಕನಿಗೂ ಏನಾದರೂ ಇರಲೆಂದು ಕೆಂಪನ್ನು ಅವಳ ಡಬ್ಬಿಗೆ ಒತ್ತಿದ. ನ್ಯಾಯ ಸ್ಥಾಪನೆಯಾಯಿತು!

ಮುಂದೆ ಎಲ್ಲವೂ ಮಿಲಿಟರಿ ಶಿಸ್ತಿನಲ್ಲಿ ನಡೆಯಿತು. ಹಸಿರು ಡಬ್ಬಿಯ ಹಿಟ್ಟನ್ನು ಲಟ್ಟಿಸಿ, ಲೋಟದ ಬಾಯಿಂದ ಒತ್ತಿ, ಇಪ್ಪತ್ತನಾಲ್ಕು ಬಿಲ್ಲೆ ಕತ್ತರಿಸಿ ಓವನ್ನಿಗೆ ತಳ್ಳಿದ್ದಾಯಿತು. ಕೆಂಪು ಡಬ್ಬಿಯ ಹಿಟ್ಟಿನಿಂದ ಮಕ್ಕಳು ಆನೆ ಮಾಡಿದರು. ಮೆಣಸುಕಾಳಿನ ಕಣ್ಣು, ಮೊರದಗಲ ಕಿವಿ.

"ಲೋ ಜಗನ್, ಬಾಯಿಗೆ ಹಾಕ್ಬೇಡ ಕಣ್ಲಾ! ಬರೀ ಉಪ್ಪು ಅದು!"

"ಚೆನ್ನಾಗೈತೆ ಅಪ್ಪಾ," ಎಂದ ಜಗನ್, ಸೊಂಡಿಲನ್ನು ಚೀಪುತ್ತಾ.

"ಈ ವಯಸ್ಸಿಗೆ ಸೋಪೂ ಚೆನ್ನಾಗೇ ಇರ್ತದೆ," ಎಂದು ಕುಮಾರೇಶ ನಕ್ಕುಬಿಟ್ಟ. ಸತ್ಯ ಕಿವಿಗೇ ಬಂದು ಬಡಿದರೂ ಅವನ ಕಣ್ಣು ಸ್ಟಿಕ್ಕರಿನ ಮೇಲಿತ್ತು.

ಬಿಸ್ಕತ್ತು ಹೊರಬಂದವು. ಬೆಳ್ಳಗೆ, ಸಮವಾಗಿ, ಒಂದೂ ಒಡೆಯದೆ! ಒಂದನ್ನು ಮೇಜಿಗೆ ಕುಟ್ಟಿದ. ಟಣ್ ಎಂದಿತು. "ಆಹಾ, ಏನ್ ಗಟ್ಟಿ ಮಾಲು!" ಎಂದು ವರ್ನಿಯರ್ ತಂದು ದಪ್ಪ ಅಳೆದ. ಎಲ್ಲವೂ ಒಂದೇ ಅಳತೆ. ಬಾಯಿಗೆ ಹಾಕಿಕೊಳ್ಳಲು ಹೋದವನ ಕೈಯನ್ನು ಭಾನು ಹಿಡಿದಳು.

"ಅಪ್ಪಾ! ದೇವ್ರಿಗೆ ಇಡೋದನ್ನ ಎಂಜಲು ಮಾಡ್ತಾರಾ? ಮೊದಲ್ನೇದು ಅಜ್ಜಿಗೆ."

ಅದೂ ಸರಿಯೇ. ಅತ್ತೆಯನ್ನು ದೇವರೆಂದು ಅವನು ಒಪ್ಪಿಕೊಂಡ ಮೊದಲ ದಿನ ಅದು.

ಕಮಲಮ್ಮ ಬಂದಳು. ಕಾಲು ತೊಳೆದು, ಕುರ್ಚಿಯಲ್ಲಿ ಕುಳಿತು, ಮೊಮ್ಮಕ್ಕಳ ಕೆನ್ನೆ ಹಿಂಡಿ ಆದ ಮೇಲೆ ಕುಮಾರೇಶ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಬಂದ.

"ತಗಳ್ಳಿ ಅತ್ತೆ. ಮಕ್ಕಳ್ ಮಾಡವ್ರೆ. ನಾನು ಬರೀ ಮೇಲ್ವಿಚಾರಣೆ."

ಕಮಲಮ್ಮ ಕಚ್ಚಿದಳು. ಬಿಸ್ಕತ್ತು ಜಗ್ಗಲಿಲ್ಲ. ದವಡೆ ಬದಲಿಸಿದಳು. ಆಗಲೂ ಜಗ್ಗಲಿಲ್ಲ. ಕಾಫಿಗೆ ಅದ್ದಿ ಐದು ನಿಮಿಷ ಕಾದು, ಒಂದು ಚೂರು ಹೇಗೋ ಮುರಿದು ಬಾಯಲ್ಲಿಟ್ಟಳು. ಹುಬ್ಬು ಮೇಲೇರಿತು, ಕಣ್ಣಲ್ಲಿ ನೀರು ತುಂಬಿತು.

"ಎಂಗೈತೆ ಅಜ್ಜೀ?" ಎಂದು ಜಗನ್ ಅವಳ ಮಂಡಿ ಹಿಡಿದು ಕೇಳಿದ. "ನಾನೇ ನಾದಿದ್ದು!"

ಕಮಲಮ್ಮ ಅವನ ಮುಖ ನೋಡಿದಳು, ಗಟಕ್ಕನೆ ನುಂಗಿದಳು. "ಬೋ ಚೆನ್ನಾಗೈತೆ ಕಣ್ಮಗ."

ಕುಮಾರೇಶನಿಗೆ ಎದೆ ಉಬ್ಬಿ ಬಂತು. ಅತ್ತೆ ಅಳುತ್ತಿದ್ದಾಳೆ, ಆನಂದಬಾಷ್ಪ! ಅಷ್ಟರಲ್ಲಿ ವನಿತಾಳ ಕೂಗು ಕೇಳಿಸಿತು.

"ರೀ! ಉಪ್ಪಿನ ಆನೆಗೆ ಯಾಕ್ರೀ ಇಷ್ಟೊಂದು ಇರುವೆ?"

ಟಿವಿ ಪಕ್ಕದಲ್ಲಿ ಆರಲು ಇಟ್ಟಿದ್ದ ಆನೆಯತ್ತ ಗೋಡೆಯಿಂದ ಒಂದು ಕರಿ ಗೆರೆ ಇಳಿದು ಬರುತ್ತಿತ್ತು. ಕುಮಾರೇಶ ಆನೆ ನೋಡಿದ, ಬಿಸ್ಕತ್ತು ನೋಡಿದ, ಕೊನೆಗೆ ಒಂದು ಬಿಸ್ಕತ್ತನ್ನು ನೆಕ್ಕಿದ. ಅಯ್ಯೋ! ಇಡೀ ಸಮುದ್ರವೇ ನಾಲಿಗೆಯ ಮೇಲೆ ಬಂದು ಕುಳಿತಂತಾಯಿತು.

"ಸ್ಟಿಕ್ಕರ್... ಸ್ಟಿಕ್ಕರ್ ಸರಿಯಾಗೇ ಇತ್ತಲ್ಲೇ!"

"ನಾನು ಬದಲಾಯ್ಸಿದ್ದು," ಎಂದ ಜಗನ್, ಎದೆ ಎತ್ತಿ. "ನಂದು ರಿಜೆಕ್ಟ್ ಅಲ್ಲ!"

ಕಮಲಮ್ಮನ ಹೊಟ್ಟೆ ಕುಣಿಯತೊಡಗಿತು. ಅವಳು ನಕ್ಕಳು, ವನಿತಾ ನೆಲಕ್ಕೆ ಕುಳಿತು ನಕ್ಕಳು, ಭಾನು ಸೋಫಾದಿಂದ ಉರುಳಿ ನಕ್ಕಳು. ವನಿತಾ ಇರುವೆ ಊದಿ ಓಡಿಸಿ, ಮೆಣಸುಕಾಳು ಕಿತ್ತು, ಆನೆಯನ್ನು ತಟ್ಟಿ ಬೇಯಿಸಿದಳು. ಕಿವಿ ಭಾನುವಿಗೆ, ಸೊಂಡಿಲು ಜಗನ್ನನಿಗೆ, ಮೈಯೆಲ್ಲಾ ಅಜ್ಜಿಗೆ. ಮನೆಯಲ್ಲಿ ಅಷ್ಟು ಖುಷಿ ಯಾವ ಹಬ್ಬದಲ್ಲೂ ಇರಲಿಲ್ಲ. ಮೂಲೆಯಲ್ಲಿ ಬಾಲ ತಿನ್ನುತ್ತಾ ಕುಳಿತ ಕುಮಾರೇಶನೊಬ್ಬನಿಗೆ ಮಾತ್ರ ಇನ್ನೊಂದು ಒಂಬತ್ತು ವರ್ಷ ಕಣ್ಣ ಮುಂದೆ ಬಂತು.

ಮಾರನೆಯ ದಿನ ಹೊರಡುವಾಗ ಕಮಲಮ್ಮ ಉಳಿದ ಇಪ್ಪತ್ಮೂರು ಬಿಸ್ಕತ್ತನ್ನೂ ಬ್ಯಾಗಿಗೆ ತುಂಬಿಕೊಂಡಳು. "ಮಕ್ಕಳ್ ಕೈಯಿಂದು, ಯಾಕೆ ಬಿಸಾಕ್ಬೇಕು?" ಎಂದಳು.

ವಾರ ಕಳೆದು ಫೋನು ಬಂತು.

"ಅಳಿಯಂದ್ರೇ, ನಿಮ್ ಕೈಗುಣ ದೊಡ್ಡದು ಕಣ್ರೀ! ನಿಮ್ ಬಿಸ್ಕತ್ತು ಇಲ್ಲಿ ಒಂದೂ ಉಳ್ದಿಲ್ಲ. ಇನ್ನೂ ಬೇಕು ಅಂತ ಒಂದೇ ಹಟ!"

ಕುಮಾರೇಶ ಧಡಕ್ಕನೆ ಎದ್ದು ನಿಂತ. ಹೆಂಡತಿಗೆ ಕೇಳಲೆಂದು ಸ್ಪೀಕರ್ ಹಾಕಿದ. ಮಕ್ಕಳನ್ನು ಕೈಬೀಸಿ ಕರೆದ.

"ಯಾರತ್ತೆ ಹಟ ಮಾಡ್ತಿರೋದು? ಪಕ್ಕದ್ಮನೆಯವ್ರಾ?"

"ಅವ್ರಲ್ಲ ಕಣ್ರೀ, ನಮ್ ಕೆಂದಿ! ತಿಂಗ್ಳಿಂದ ಕಲಗಚ್ಚು ಮೂಸ್ತಿರ್ಲಿಲ್ಲ ಹಸು. ದಿನಾ ನಿಮ್ ಬಿಸ್ಕತ್ತು ಕುಟ್ಟಿ ಪುಡಿ ಮಾಡಿ ಹಾಕ್ದೆ ನೋಡಿ, ಬಾನೀನೇ ನೆಕ್ಬುಟ್ಟೈತೆ! ಈಗ ಪಕ್ಕದ ಎಮ್ಮೆನೂ ಕತ್ತು ಚಾಚ್ತೈತೆ. ಇನ್ನೊಂದು ಡಬ್ಬಿ ಮಾಡಿ ಬಸ್ಸಿಗೆ ಆಕ್ಬುಡಿ."

ಕುಮಾರೇಶ ಸ್ಪೀಕರ್ ಆರಿಸಲು ಗುಂಡಿ ಹುಡುಕತೊಡಗಿದ.

"ಪರ್ವಾಗಿಲ್ಲ ನಮ್ಮಳಿಯ," ಎಂದಳು ಕಮಲಮ್ಮ, ನಿಜವಾದ ಅಭಿಮಾನದಿಂದ. "ಉಪ್ಪು ಮಾತ್ರ ಕಮ್ಮಿ ಮಾಡ್ಬೇಡಿ!"